ಖಾಲಿ ಹುದ್ದೆ ನುಂಗಿದ ಮಾತ್ರೆಗಳು

ಕಚೇರಿಯ ನಲವತ್ತೊಂದು ಜನ ಸಿಬ್ಬಂದಿಯ ಒಟ್ಟು ತೂಕ ಮೂರು ಸಾವಿರದ ಹನ್ನೆರಡು ಕಿಲೋ ಎಂಬುದು ದಾಖಲೆಯಿಂದ ದೃಢಪಟ್ಟ ಸಂಗತಿ. ಇದನ್ನು ದೃಢಪಡಿಸುವ ಅಗತ್ಯ ಯಾಕೆ ಬಂತು ಅಂದರೆ, ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತುಬಿಟ್ಟಿತು, ಒಳಗೆ ದೊಡ್ಡ ಸಾಹೇಬರಿದ್ದರು. ರಿಪೇರಿಯವನು ಬಂದು ನೋಡಿ, "ಹಗ್ಗ ಸವೆದಿದೆ ಸಾರ್, ಬದಲಾಯಿಸಬೇಕು" ಅಂದ. ಹಗ್ಗ ಬದಲಾಯಿಸಲು ಮೂರು ಇಲಾಖೆಗಳ ಒಪ್ಪಿಗೆ ಬೇಕು. ಸಿಬ್ಬಂದಿಯನ್ನು ತೆಳ್ಳಗೆ ಮಾಡಲು ಸಾಹೇಬರ ಒಂದು ಸಹಿ ಸಾಕು. ಲಿಫ್ಟಿಗೆ ಬೀಗ ಬಿತ್ತು, ಸುತ್ತೋಲೆ ಹೊರಬಿತ್ತು:

"ಆರು ತಿಂಗಳೊಳಗೆ ಕಚೇರಿಯ ಒಟ್ಟು ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸತಕ್ಕದ್ದು. ತೂಕ ಇಳಿಸುವ ಮಾತ್ರೆ ಮತ್ತು ಗಿಡಮೂಲಿಕೆ ಪುಡಿಯನ್ನು ಕಚೇರಿಯೇ ಒದಗಿಸುವುದು. ಮಾತ್ರೆಯನ್ನು ದರ್ಜೆಗೆ ತಕ್ಕಂತೆ ನುಂಗತಕ್ಕದ್ದು. ದಿನಕ್ಕೆ ಗುಮಾಸ್ತರಿಗೆ ಒಂದು, ಮೇಲ್ವಿಚಾರಕರಿಗೆ ಎರಡು. ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಪ್ರತಿ ಸೋಮವಾರ ಸಹಿಯೊಂದಿಗೆ ಹಿಂತಿರುಗಿಸತಕ್ಕದ್ದು."

ಕೆಳಗಿನ ಕ್ಲಿನಿಕ್ಕಿನ ನರ್ಸಮ್ಮ ತೂಕದ ಯಂತ್ರ ತಂದವರು ಇದನ್ನು ಓದಿ ಸೊಂಟಕ್ಕೆ ಕೈಕೊಟ್ಟು ನಿಂತರು. "ಸಾರ್, ಇದು ಪೆಪ್ಪರಮೆಂಟು ಹಂಚಿದ ಹಾಗಲ್ಲ. ತೂಕದಿಂದ ಆರೋಗ್ಯ ಕೆಟ್ಟವರಿಗೆ ಮಾತ್ರ, ಅದೂ ಡಾಕ್ಟರು ನೋಡಿ ಬರೆದುಕೊಟ್ಟರೆ. ಕಡಿಮೆಯಿಂದ ಶುರುಮಾಡಿ ನಿಧಾನಕ್ಕೆ ಏರಿಸಬೇಕು. ಬೇರೆ ಯಾವ ಮಾತ್ರೆ ತಗೋತಾರೆ ಅಂತ ಕೇಳಬೇಕು. ಗಿಡಮೂಲಿಕೆ ಅಂದ ಮಾತ್ರಕ್ಕೆ ಆ ಪುಡಿಯೂ ಸಾಧು ಅಂತಲ್ಲ. ವಾರಕ್ಕೊಮ್ಮೆಯಾದರೂ ತಲೆಸುತ್ತು ಇದೆಯಾ, ವಾಂತಿ ಇದೆಯಾ ಅಂತ ವಿಚಾರಿಸಬೇಕು."

ಸಾಹೇಬರು ಇಷ್ಟನ್ನೂ ಗಮನವಿಟ್ಟು ಬರೆದುಕೊಂಡರು. ಕಚೇರಿಗೆ ಡಾಕ್ಟರು ಇಲ್ಲದ ಕಾರಣ ಆ ಕೆಲಸದ ಪ್ರಭಾರವನ್ನು ಲೆಕ್ಕದ ಮೇಲ್ವಿಚಾರಕರಿಗೆ ವಹಿಸಲಾಯಿತು. ಅವರು ನಲವತ್ತೊಂದು ಜನರನ್ನೂ ಹದಿನೈದು ನಿಮಿಷದಲ್ಲಿ ಪರೀಕ್ಷಿಸಿ, "ಎಲ್ಲರೂ ಹಾಜರಿದ್ದಾರೆ" ಎಂದು ಷರಾ ಬರೆದರು. ಸೋಮವಾರದ ವಿಚಾರಣೆ ನರ್ಸಮ್ಮನ ಕೊರಳಿಗೇ ಬಿತ್ತು.

ಇನ್ನು ಟಪಾಲು ಗುಮಾಸ್ತನ ವಿಷಯ. ಹಿಡಿಕಡ್ಡಿಯಂತಿದ್ದ ಆತನನ್ನು ಎಲ್ಲರೂ ಕಡ್ಡಿಯಣ್ಣ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆತನ ಬಾಯಲ್ಲಿ "ಆಗಲ್ಲ" ಅನ್ನೋ ಮಾತು ಒಮ್ಮೆಯೂ ಬಂದದ್ದಿಲ್ಲ. ಯಾರೇ ಬರದಿದ್ದರೂ ಅವರ ಪರವಾಗಿ ಸಹಿ ಹಾಕುವವನು ಕಡ್ಡಿಯಣ್ಣ. ಸಭೆಯಲ್ಲಿ ಅವರ ಪರವಾಗಿ ಕೂತು ತಲೆಯಾಡಿಸುವವನೂ ಅವನೇ. ಹಾಗಾಗಿ ಮಾತ್ರೆ ಬಂದ ದಿನವೇ ಟೈಪಿಸ್ಟಕ್ಕ ತನ್ನ ಪಾಲು ತಂದು ಅವನ ಮೇಜಿನ ಮೇಲಿಟ್ಟಳು.

"ಅಣ್ಣಾ, ಇದು ತಿಂದರೆ ಊಟ ಸೇರಲ್ಲವಂತೆ. ಊಟದ ಹೊತ್ತು ಒಂದಿಲ್ಲದಿದ್ದರೆ ಈ ಕಚೇರಿಗೆ ಯಾವ ಸುಖಕ್ಕೆ ಬರಲಿ ಹೇಳು? ನನ್ನ ಪರವಾಗಿ ನೀನೇ ನುಂಗಿಬಿಡು."

ಕಡ್ಡಿಯಣ್ಣ ಹೂಂ ಅಂದ. ಸಂಜೆಯೊಳಗೆ ಇನ್ನೂ ನಾಲ್ಕು ಜನರ ಪಾಲು ಬಂತು, ಅದರಲ್ಲೊಂದು ಲೆಕ್ಕದ ಮೇಲ್ವಿಚಾರಕರದು, ಅಂದರೆ ಡಬಲ್ಲು. ಕಡ್ಡಿಯಣ್ಣ ನೀರು ಕುಡಿಯುತ್ತಾ ಎಲ್ಲವನ್ನೂ ಪರವಾಗಿ ನುಂಗಿ, ಪರವಾಗಿ ಸಹಿ ಹಾಕಿದ. ಸೋಮವಾರ ನರ್ಸಮ್ಮ "ತಲೆಸುತ್ತು, ವಾಂತಿ ಯಾರಿಗಾದರೂ?" ಅಂದಾಗ, ಎಲ್ಲರ ಪರವಾಗಿ "ಇಲ್ಲ" ಅಂದವನೂ ಅವನೇ. ಅನ್ನುವಾಗ ಗೋಡೆ ಹಿಡಿದುಕೊಂಡಿದ್ದ. ಕಚೇರಿಯ ತೂಕ ನಾಲ್ಕು ಕಿಲೋ ಇಳಿದಿತ್ತು, ನಾಲ್ಕೂ ಅವನವೇ. ಸಾಹೇಬರು ಸಂತೋಷ ವ್ಯಕ್ತಪಡಿಸಿದರು.

ಮನೆಯಲ್ಲಿ ಹೆಂಡತಿ ಅಂಗಿಯ ಗುಂಡಿಯನ್ನು ಒಳಕ್ಕೆ ಹೊಲಿದಳು. ಎರಡು ದಿನಕ್ಕೆ ಮತ್ತೆ ಒಳಕ್ಕೆ ಹೊಲಿದಳು. ಮೂರನೇ ಸಲ ಸೂಜಿ ಕೆಳಗಿಟ್ಟಳು. "ರೀ, ಒಳಗೆ ನೀವಿದ್ದೀರೋ, ಬರೀ ಹ್ಯಾಂಗರೋ? ತಟ್ಟೆ ಮುಟ್ಟಿ ಎಷ್ಟು ದಿನವಾಯ್ತು?"

ಪಾಪ, ಆಗ ಬಾಯಿಬಿಟ್ಟ.

"ಏಳು ಮಾತ್ರೆನಾ? ದಿನಾನಾ? ಕಸದಬುಟ್ಟಿಗೆ ಹಾಕೋಕೆ ಏನಾಗಿತ್ತು ನಿಮಗೆ?"

"ಅಯ್ಯೋ, ಕಚೇರಿ ಸ್ವತ್ತು ಕಣೇ!"

ಹೇಳುತ್ತಾ ಹೇಳುತ್ತಾ ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕುಸಿದ. ಹೆಂಡತಿ ಫೋನು ಮಾಡಿದ್ದೇ ತಡ, ನರ್ಸಮ್ಮನೇ ಓಡಿಬಂದು ಆಸ್ಪತ್ರೆಗೆ ಸೇರಿಸಿದರು. ಮೂರು ದಿನ ಕೈಗೆ ಡ್ರಿಪ್ಪು. ನಿಜವಾದ ಡಾಕ್ಟರು ಹುಬ್ಬು ಗಂಟಿಕ್ಕಿ, "ನಿಮ್ಮದು ಮೊದಲೇ ಬಿಪಿ ಮಾತ್ರೆ ಬೇರೆ. ಇನ್ನೊಂದು ವಾರ ಬಿಟ್ಟು ಬಂದಿದ್ದರೆ ನಿಮ್ಮ ಪರವಾಗಿ ನಿಮ್ಮ ಹೆಂಡತಿ ಬರಬೇಕಿತ್ತು. ಇನ್ಮುಂದೆ ಒಂದನ್ನೂ ಮುಟ್ಟಬೇಡಿ" ಅಂತ ಚೀಟಿ ಬರೆದರು.

ಚೀಟಿಯನ್ನು ಕಚೇರಿ ಗೌರವದಿಂದ ಸ್ವೀಕರಿಸಿತು. ಆದರೆ ಸಮಸ್ಯೆ ಹಾಗೇ ಉಳಿಯಿತು. ಆರು ತಿಂಗಳ ಮಾತ್ರೆ ದಾಸ್ತಾನಿದೆ, ಕಡ್ಡಿಯಣ್ಣನ ಗತಿ ಕಂಡ ಮೇಲೆ ಮುಟ್ಟುವವರಿಲ್ಲ, ನುಂಗದೆ ಬಿಟ್ಟರೆ ಆಡಿಟ್ಟಿನವರ ಆಕ್ಷೇಪಣೆ ಬರುತ್ತದೆ. "ಹಾಗಾದರೆ ಎಲ್ಲರ ಪರವಾಗಿ ಯಾರು?" ಅಂದರು ಸಾಹೇಬರು. ಎಲ್ಲರೂ ಕಡ್ಡಿಯಣ್ಣನ ಕಡೆ ನೋಡಿದರು. ಕಡ್ಡಿಯಣ್ಣ, ತನ್ನ ಜೊತೆಗೇ ಬಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಅವಳ ಕಣ್ಣು ನೋಡಿದ ಮೇಲೆ ಹೂಂ ಅನ್ನುವ ಧೈರ್ಯ ಬರಲಿಲ್ಲ, ಆಗಲ್ಲ ಅನ್ನುವ ಅಭ್ಯಾಸ ಇರಲಿಲ್ಲ. ಗಂಟಲು ಸರಿಮಾಡಿಕೊಂಡ.

"ಸಾರ್, ನಲವತ್ತೆರಡನೇ ಹುದ್ದೆ ಹನ್ನೊಂದು ವರ್ಷದಿಂದ ಖಾಲಿ ಇದೆ. ಕುರ್ಚಿ ಇದೆ, ಮೇಜಿದೆ. ಅದಕ್ಕೆ ಬೇರೆ ಕೆಲಸವೂ ಇಲ್ಲ."

ಸಾಹೇಬರು ಯೋಚಿಸಿದರು. "ಅದರ ಈಗಿನ ತೂಕ ಎಷ್ಟು?"

"ಸೊನ್ನೆ ಸಾರ್."

"ಶಾಭಾಸ್! ನೋಡ್ರಯ್ಯಾ, ಮಾತ್ರೆ ಶುರು ಮಾಡೋ ಮೊದಲೇ ಗುರಿ ಮುಟ್ಟಿದೆ!"

ಆದೇಶವಾಯಿತು. ಅಂದಿನಿಂದ ಮಾತ್ರೆ, ಪುಡಿ ಎಲ್ಲ ಖಾಲಿ ಕುರ್ಚಿಯ ಮುಂದೆ. ಪ್ರತಿ ಸಂಜೆ ನರ್ಸಮ್ಮ ಮಾತ್ರೆಗಳನ್ನು ಬಿಡಿಸಿ, ವಿಲೇವಾರಿ ಮಾಡಬೇಕಾದ ಔಷಧದ ಡಬ್ಬಿಗೆ ಹಾಕಿಕೊಂಡು ಹೋಗುವರು. ಖಾಲಿ ಪಟ್ಟಿ ಕಚೇರಿಗೆ. ಸಹಿಯ ಜಾಗ ಖಾಲಿ ಬಿಡಲಾಯಿತು, ಖಾಲಿ ಹುದ್ದೆಯ ಸಹಿ ಹಾಗೇ ತಾನೆ ಇರುವುದು.

ಆರು ತಿಂಗಳು ಕಳೆಯಿತು. ಲಿಫ್ಟಿನ ಬೀಗ ತೆಗೆದಿರಲಿಲ್ಲ. ನಲವತ್ತೊಂದು ಜನ ದಿನಾ ನಾಲ್ಕು ಮಹಡಿ ಹತ್ತಿ ಇಳಿದರು. ಕ್ಯಾಂಟೀನು ಕೆಳಗಿತ್ತು, ಒಂದು ಕರಿದ ತಿಂಡಿಗಾಗಿ ಇಳಿದು ಮತ್ತೆ ಹತ್ತುವವರು ಯಾರು? ಟೈಪಿಸ್ಟಕ್ಕನೂ ಮನೆಯಿಂದ ಬುತ್ತಿ ತರತೊಡಗಿದಳು. ತೂಗಿ ನೋಡಿದರೆ ಕಚೇರಿ ಮುನ್ನೂರ ನಾಲ್ಕು ಕಿಲೋ ಇಳಿದಿತ್ತು. ಕಡ್ಡಿಯಣ್ಣ ಒಬ್ಬ ಮಾತ್ರ ಐದು ಕಿಲೋ ಏರಿ, ಸುತ್ತೋಲೆ ಉಲ್ಲಂಘಿಸಿದ್ದಕ್ಕೆ ಎಚ್ಚರಿಕೆ ಪತ್ರ ಪಡೆದ. ಹೆಂಡತಿ ಆ ಪತ್ರಕ್ಕೆ ಗಾಜು ಹಾಕಿಸಿ ಅಡುಗೆಮನೆಯಲ್ಲಿ ತೂಗುಹಾಕಿದ್ದಾಳೆ.

ಉತ್ತಮ ಸೇವನೆಯ ಪ್ರಶಸ್ತಿ ನಲವತ್ತೆರಡನೇ ಹುದ್ದೆಗೆ ಬಂತು. ಕುರ್ಚಿಯ ಮೇಲೆ ಪ್ರಮಾಣಪತ್ರ ಇಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರು. ಅದನ್ನು ಭರ್ತಿ ಮಾಡಿದರೆ ಕಚೇರಿಯ ತೂಕ ಏರುತ್ತದೆಂದು, ಇನ್ನು ಎಂದಿಗೂ ಭರ್ತಿ ಮಾಡಬಾರದೆಂದು ಠರಾವಾಯಿತು.

ಈಗಲೂ ಪ್ರತಿ ಸೋಮವಾರ ನರ್ಸಮ್ಮ ಏದುಸಿರು ಬಿಡದೆ ನಾಲ್ಕು ಮಹಡಿ ಹತ್ತಿ ಬರುತ್ತಾರೆ. ಆ ಕುರ್ಚಿಯ ಮುಂದೆ ನಿಂತು, "ತಲೆಸುತ್ತು, ವಾಂತಿ ಏನಾದರೂ?" ಅಂತ ಕೇಳುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಕಡ್ಡಿಯಣ್ಣ ತನ್ನ ಮೇಜಿನಲ್ಲಿ ತುಟಿ ಬಿಗಿಹಿಡಿದು ಕೂತಿರುತ್ತಾನೆ, ಯಾರ ಪರವಾಗಿಯೂ ಮಾತಾಡುವುದಿಲ್ಲ. ಆಮೇಲೆ ನರ್ಸಮ್ಮ "ಇಲ್ಲ" ಅಂತ ಬರೆದುಕೊಂಡು ಇಳಿದುಹೋಗುತ್ತಾರೆ.