ನಮ್ಮತ್ತೆಯ ಒಂದನೇ ಕ್ಲಾಸು

ನಮ್ಮ ಅತ್ತೆ ನಿವೃತ್ತರಾಗಿದ್ದಾರೆ ಎಂಬುದು ಪಿಂಚಣಿ ಕೊಡುವವರ ತಪ್ಪು ತಿಳುವಳಿಕೆ. ಊರಿನ ಶಾಲೆಯವರು ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಗೇಟಿನವರೆಗೆ ಬಂದು ಕಳಿಸಿಕೊಟ್ಟದ್ದೇನೋ ನಿಜ. ಆದರೆ ಒಂದನೇ ಕ್ಲಾಸನ್ನು ಅಲ್ಲಿಯೇ ಬಿಟ್ಟು ಬರಬೇಕಲ್ಲ! ಸೂಟ್‌ಕೇಸಿನಲ್ಲಿ ತುಂಬಿಕೊಂಡು ನೇರವಾಗಿ ದೆಹಲಿಗೆ, ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ತಂದುಬಿಟ್ಟರು. ಅಂದಿನಿಂದ ರಾಜಧಾನಿಯ ಸಮಸ್ತ ಪ್ರಜೆಗಳೂ ಅವರ ಕಣ್ಣಿಗೆ ಆರು ವರ್ಷದ ಮಕ್ಕಳು. ಆ ಮಕ್ಕಳ ನಡುವೆ ತಲೆ ತಗ್ಗಿಸಿಕೊಂಡು ಓಡಾಡುವ ಪಾಡು ಸೊಸೆಯಾದ ನನ್ನದು.

ಬಂದ ವಾರದಲ್ಲೇ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯವನೊಬ್ಬ ಸ್ಟೂಲಿನ ಮೇಲೆ ನಿಂತು, ಕುರ್ತಿಗಳನ್ನು ಗಾಳಿಯಲ್ಲಿ ಬೀಸುತ್ತ ಗಂಟಲು ಹರಿಯುವಂತೆ ಕೂಗುತ್ತಿದ್ದ. ಅತ್ತೆ ಅವನೆದುರು ಹೋಗಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತರು. ಸುಮ್ಮನೆ ನಿಂತರು, ಅಷ್ಟೇ. ಅವನ ಕೂಗು ಸಣ್ಣಗಾಯಿತು, ತಡವರಿಸಿತು, ನಿಂತೇಹೋಯಿತು.

"ಭಯ್ಯಾ, ಅಚ್ಛೇ ಬಚ್ಚೇ ಚಿಲ್ಲಾತೇ ನಹೀಂ. ನೀಚೇ ಉತರೋ." ಒಳ್ಳೆಯ ಮಕ್ಕಳು ಕಿರುಚುವುದಿಲ್ಲವಂತೆ, ಕೆಳಗಿಳಿಯಬೇಕಂತೆ!

"ಜೀ ಮಾತಾಜಿ," ಎಂದು ಅವನು ಇಳಿದೇಬಿಟ್ಟ! ಸುತ್ತ ಮುತ್ತಿದ್ದ ಹೆಂಗಸರು ಏಕೋ ಏನೋ ಸಾಲಾಗಿ ನಿಂತುಕೊಂಡರು. ನಾನು ನೇತುಹಾಕಿದ್ದ ದುಪಟ್ಟಾಗಳ ಹಿಂದೆ ಸರಿದು, ಈ ಮುದುಕಿಗೂ ನನಗೂ ಸಂಬಂಧವೇ ಇಲ್ಲವೆಂಬಂತೆ ಬಟ್ಟೆಯ ನೇಯ್ಗೆಯನ್ನು ಪರೀಕ್ಷಿಸತೊಡಗಿದೆ.

ಅತ್ತೆಯ ಹಿಂದಿಯಲ್ಲಿ ಇರುವುದು ಬಹುಮಟ್ಟಿಗೆ ಆಜ್ಞೆಗಳೇ. ಬೈಠೋ, ಉಠೋ, ಚುಪ್ ರಹೋ, ಲೈನ್ ಬನಾವೋ. ಮೆಟ್ರೋದ ಹೆಂಗಸರ ಬೋಗಿಯಲ್ಲಿ, ಮೊಬೈಲಿಗೆ ಮುಖ ಹುದುಗಿಸಿ ಕೂತಿದ್ದ ಹುಡುಗಿಗೆ "ಸೀಧಾ ಬೈಠೋ!" ಎಂದರು ನೋಡಿ, ಆ ಇಡೀ ಸಾಲೇ ಬೆನ್ನು ನೆಟ್ಟಗೆ ಮಾಡಿಕೊಂಡಿತು. ನಾನೂ ಮಾಡಿಕೊಂಡೆ. ಏನು ಮಾಡಲಿ, ನನ್ನದೂ ಬೆನ್ನೇ ಅಲ್ಲವೇ?

ಇದನ್ನಾದರೂ ಸಹಿಸಬಹುದು. ಒಳ್ಳೆಯ ಕೆಲಸ ಮಾಡಿದವರ ಮುಂಗೈ ಮೇಲೆ ಕೆಂಪು ಪೆನ್ನಿನಲ್ಲಿ ನಕ್ಷತ್ರ ಬರೆಯುವ ಚಾಳಿಯೊಂದಿದೆಯಲ್ಲ, ಅದನ್ನು ಹೇಗೆ ಸಹಿಸುವುದು? ಗ್ಯಾಸ್ ಸಿಲಿಂಡರ್ ತರುವವನಿಗೆ ನಕ್ಷತ್ರ. ಆಟೋದವನಿಗೆ, ಮೀಟರ್ ಹಾಕಿದ್ದಕ್ಕೆ ನಕ್ಷತ್ರ. ಒಮ್ಮೆ ನನ್ನ ಗಂಡ ತಟ್ಟೆಯಲ್ಲಿದ್ದ ಹಾಗಲಕಾಯಿ ಗೊಜ್ಜನ್ನು ಪೂರ್ತಿ ತಿಂದರೆಂದು ಅವರಿಗೂ ಒಂದು ಸಿಕ್ಕಿತು. ಮಂತ್ರಾಲಯದಲ್ಲಿ ಅಧಿಕಾರಿಯಾಗಿರುವ ಮನುಷ್ಯ, ಮೀಟಿಂಗಿನುದ್ದಕ್ಕೂ ಎಡಗೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡು ಕೂತಿದ್ದರಂತೆ!

"ಅಮ್ಮಾ, ಅಜ್ಜಿ ಇಸ್ ಸೋ ಎಂಬರಾಸಿಂಗ್ ಯಾರ್!" ಎಂದು ನನ್ನ ಮಗಳು ಅಳುತ್ತ ಬಂದಿದ್ದಳು. "ಸ್ಕೂಲ್ ಬಸ್ ಡ್ರೈವರ್‌ಗೆ ನೇಲ್ಸ್ ದಿಖಾವೋ ಅಂದ್ರು. ಸಬ್ ಹಸ್ ರಹೇ ಥೇ!"

"ಅವನು ತೋರಿಸಿದನಾ?"

"ತೋರಿಸಿದ."

ಇಂಥ ಅತ್ತೆಯನ್ನು ಕಟ್ಟಿಕೊಂಡು ನಾನು ದೊಡ್ಡವರ ಸಂಘವೊಂದಕ್ಕೆ ಸೇರಲು ಹೊರಟಿದ್ದೆ. ಮಹಿಳಾ ಅಧ್ಯಾಪಕರ ಸಂಘ. ಪ್ರಿನ್ಸಿಪಾಲರು, ಪ್ರೊಫೆಸರರು, ದೇಶ ವಿದೇಶ ಸುತ್ತಿ ಭಾಷಣ ಮಾಡುವವರು ಅದರ ಸದಸ್ಯೆಯರು. ನಾನೋ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಗೆಸ್ಟ್ ಲೆಕ್ಚರರ್. ಸೇರಿ ಇಷ್ಟು ದಿನವಾದರೂ ಸ್ಟಾಫ್ ರೂಮಿನಲ್ಲಿ ನನಗೊಂದು ಹೆಸರಿಲ್ಲ, 'ಮದ್ರಾಸಿ ಮೇಡಂ' ಅಷ್ಟೇ. ನಾನು ಒಳಗೆ ಹೋದರೆ ಯಾರೂ ಕುರ್ಚಿಯ ಮೇಲಿನ ಬ್ಯಾಗು ಎತ್ತುವುದಿಲ್ಲ. ಈ ಸಂಘಕ್ಕೆ ಸೇರಿದರೆ ನನ್ನನ್ನೂ ಹೆಸರು ಹಿಡಿದು ಕರೆಯುವವರು ಸಿಗುತ್ತಾರೆ, ಈ ಊರಿನಲ್ಲಿ ನಾನೂ ಒಬ್ಬ ಟೀಚರ್ ಅನ್ನಿಸಿಕೊಳ್ಳುತ್ತೇನೆ ಎಂದು ಆಸೆಪಟ್ಟಿದ್ದೆ. ತುಂಬ ಆಸೆಪಟ್ಟಿದ್ದೆ.

ಆ ಸಂಘದಲ್ಲೊಂದು ಪದ್ಧತಿ. ಹೊಸಬಳನ್ನು ಸೇರಿಸಿಕೊಳ್ಳುವ ದಿನ ಅವಳ ಮನೆಯವರೊಬ್ಬರು ಎದ್ದು ನಿಂತು, 'ನಾನು ಇವಳ ಮನೆಯವರು' ಎಂದು ಹೇಳಿ ಅವಳ ಪರವಾಗಿ ನಾಲ್ಕು ಮಾತಾಡಬೇಕು. ಕಲಿಸಲು ಹೊರಟ ಹೆಂಗಸಿನ ಬೆನ್ನಿಗೆ ಅವಳ ಮನೆ ಇದೆ ಎಂದು ಎಲ್ಲರಿಗೂ ಕಾಣಬೇಕಂತೆ. ಯಾರೂ ನಿಲ್ಲದಿದ್ದರೆ ಸೇರ್ಪಡೆ ಮುಂದಕ್ಕೆ. ಗಂಡ ಬರುವುದೆಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಅವರಿಗೆ ಆಫೀಸಿನಿಂದ ಫೋನು ಬಂತು, ಶನಿವಾರವಾದರೂ ಓಡಿದರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

"ಯಾಕೇ ಹಿಂಗೆ ಮುಖ ಇಳಿಬಿಟ್ಟುಕೊಂಡಿದ್ದೀಯ? ಮನೆಯವರು ಅಂದ್ರೆ ನಾನಲ್ವೇನೇ?" ಎಂದು ಅತ್ತೆ ಆಗಲೇ ಸೀರೆ ಉಟ್ಟು ನಿಂತಿದ್ದರು.

"ಅತ್ತೆ, ನಿಮ್ಮ ದಮ್ಮಯ್ಯ. ಅಲ್ಲಿ ಯಾರಿಗೂ ಬೈಠೋ ಉಠೋ ಅನ್ನಬೇಡಿ."

"ಛೆ, ನನಗಷ್ಟೂ ಗೊತ್ತಾಗಲ್ವಾ? ಚಲೋ!"

ವಸಂತ್ ಕುಂಜ್‌ನ ಆ ಸಭಾಂಗಣದಲ್ಲಿ ಗರಿಗರಿ ಕೈಮಗ್ಗದ ಸೀರೆಗಳ ಜಾತ್ರೆ. ಅಧ್ಯಕ್ಷೆ ಮೈಕಿನ ಮುಂದೆ ಮಾತಾಡುತ್ತಿದ್ದರು. ಕೆಳಗೆ ಎಲ್ಲರೂ ಪಕ್ಕದವರ ಜೊತೆ ಮಾತಾಡುತ್ತಿದ್ದರು. ಮೇಷ್ಟರುಗಳ ಸಭೆಯಲ್ಲಿ ಕೇಳುವವರು ಯಾರು ಹೇಳಿ? ಅತ್ತೆ ಒಮ್ಮೆ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ನಾನು ಅವರ ಕೈ ಹಿಡಿದುಕೊಳ್ಳುವಷ್ಟರಲ್ಲಿ ಅವರು ಎದ್ದು ಚಪ್ಪಾಳೆ ತಟ್ಟಿಯೇಬಿಟ್ಟರು. ಟಪ್, ಟಪ್, ಟಪಟಪಟಪ್!

ಪುಟ್ಟ ಮಕ್ಕಳಿಗೆ ಕಲಿಸಿದವರಿಗೆಲ್ಲ ಈ ಚಪ್ಪಾಳೆ ಗೊತ್ತು. ಟೀಚರ್ ತಟ್ಟಿದ ಹಾಗೆ ಮಕ್ಕಳು ತಿರುಗಿ ತಟ್ಟಬೇಕು, ಕೈಕಟ್ಟಿ ಸುಮ್ಮನಾಗಬೇಕು. ಆ ಸಭಾಂಗಣದ ಮಹಾಮಹಾ ವಿದುಷಿಯರೆಲ್ಲ ಏನು ಮಾಡಿದರು ಗೊತ್ತೇ? ಟಪ್, ಟಪ್, ಟಪಟಪಟಪ್ ಎಂದು ತಿರುಗಿ ತಟ್ಟಿ, ಕೈಕಟ್ಟಿ ಕೂತರು! ಅಧ್ಯಕ್ಷೆಯೂ ಮೈಕಿನ ಮುಂದೆ ಕೈಕಟ್ಟಿ ನಿಂತರು. ಆಮೇಲೆ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಸರದಿ ಬಂದಾಗ ಅತ್ತೆ ಮೈಕು ಹಿಡಿದು, "ಮೈಂ ಇಸ್ಕೀ ಘರ್‌ವಾಲೀ!" ಎಂದು ಘೋಷಿಸಿದರು. ಘರ್‌ವಾಲೀ ಎಂದರೆ ಹಿಂದಿಯಲ್ಲಿ ಹೆಂಡತಿ! ಹಿಂದಿನ ಸಾಲಿನಿಂದ ಕಿಸಕ್ಕನೆ ನಗು. "ಬಹು ಅಚ್ಛೀ ಹೈ. ಬಹುತ್ ಪಢಾಯೀ ಕಿಯಾ. ಘರ್ ಮೇಂ ಜೋರ್ ಸೇ ಬೋಲ್ತೀ ಹೈ, ಕ್ಲಾಸ್ ಮೇಂ ಡರ್ತೀ ಹೈ. ಆಪ್ ಲೋಗ್ ಇಸ್‌ಕೋ ಡಾಂಟ್ನಾ ನಹೀಂ." ಸೊಸೆ ಮನೆಯಲ್ಲಿ ಜೋರು, ಕ್ಲಾಸಿನಲ್ಲಿ ಪುಕ್ಕಲಿ, ನೀವ್ಯಾರೂ ಬೈಯಬೇಡಿ ಎಂದದ್ದಕ್ಕೆ ಈಗ ಇಡೀ ಸಭೆಯೇ ನಕ್ಕಿತು. ನನ್ನ ಮಾನ ಹರಾಜಾಗಿ ಹೋಯಿತು. ಅಧ್ಯಕ್ಷೆ ನಗುತ್ತಲೇ ನನ್ನ ಸೆರಗಿಗೆ ಸಂಘದ ಬ್ಯಾಡ್ಜ್ ಚುಚ್ಚಿದರು. ಇಷ್ಟು ಕಾದು ಪಡೆದದ್ದನ್ನು ಕಣ್ಣು ಬಿಟ್ಟು ನೋಡುವ ಧೈರ್ಯವೂ ನನಗಿರಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷೆ ಅತ್ತೆಯ ಕಡೆ ತಿರುಗಿದರು. "ಮಾತಾಜಿ, ಆ ಚಪ್ಪಾಳೆ ಕೇಳಿದ ಮೇಲೆ ನೀವು ಟೀಚರ್ ಅಲ್ಲ ಅಂದರೆ ನಾನು ನಂಬುವುದಿಲ್ಲ. ಇವತ್ತೇ ನೀವೂ ಸೇರಿಬಿಡಿ," ಎಂದು ಹಿಂದಿಯಲ್ಲಿ ಕರೆದರು. ಆ ಮಾತಿನಲ್ಲಿ ತಮಾಷೆಯಿರಲಿಲ್ಲ.

ಮುಗಿಯಿತು, ಇನ್ನು ಇವರನ್ನು ಹಿಡಿಯುವವರಿಲ್ಲ ಅಂದುಕೊಂಡೆ. ಪಕ್ಕಕ್ಕೆ ತಿರುಗಿದರೆ ಅತ್ತೆ ಇಲ್ಲ! ನನ್ನ ಬೆನ್ನ ಹಿಂದೆ ಸರಿದುಕೊಂಡು, ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

"ಬೇಡ ಅನ್ನೇ ಅವರಿಗೆ," ಎಂದು ಕನ್ನಡದಲ್ಲಿ ಪಿಸುಗುಟ್ಟಿದರು. "ನಾನು ಬರೀ ಒಂದನೇ ಕ್ಲಾಸಿನ ಟೀಚರು. ಇವರೆಲ್ಲ ಎಷ್ಟೆಷ್ಟೋ ಓದಿರೋರು. ನನ್ನ ಹಿಂದಿಗೆ ನಗ್ತಾರೆ, ನನಗೆ ಗೊತ್ತಾಗಲ್ವೇನೇ? ಬಾಯಿ ಮುಚ್ಚಿಕೊಂಡರೆ ನಾನು ಯಾರೂ ಅಲ್ಲ ಅನ್ನಿಸುತ್ತೆ ಈ ಊರಲ್ಲಿ. ಅದಕ್ಕೇ ಏನೋ ಒಂದು ಮಾಡ್ತಾ ಇರ್ತೀನಿ. ನಿನಗೆ ನಾಚಿಕೆಯಾಯ್ತು ಅಲ್ವಾ? ನಡಿಯೇ, ಮನೆಗೆ ಹೋಗೋಣ."

ಈ ಊರಿನಲ್ಲಿ ಹೆಸರಿಲ್ಲದವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ, ನಮ್ಮ ಮನೆಯಲ್ಲೇ ಇನ್ನೊಬ್ಬರಿದ್ದರು.

"ಇವರ ಮನೆಯವರು ಯಾರು ನಿಲ್ಲುತ್ತೀರಿ?" ಎಂದು ಅಧ್ಯಕ್ಷೆ ಕೇಳಿದರು.

"ನಾನು," ಎಂದೆ. ಅತ್ತೆಯನ್ನು ಮುಂದಕ್ಕೆ ಎಳೆದುಕೊಂಡು, ಅವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ದೆಹಲಿಗೆ ಬಂದ ಮೇಲೆ ಆ ಹೆಸರನ್ನು ಯಾರೂ ಬಾಯಲ್ಲಿ ಆಡಿರಲಿಲ್ಲ. "ಇವರು ಒಂದನೇ ಕ್ಲಾಸಿನ ಟೀಚರ್. ನಾನು ಇವರ ಮನೆಯವಳು." ಇನ್ನೂ ಹೇಳಬೇಕೆಂದಿದ್ದೆ, ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳಬೇಡ ಕಣೇ, ಜನ ನೋಡ್ತಿದ್ದಾರೆ," ಎಂದರು ಅತ್ತೆ. ಅವರೂ ಅಳುತ್ತಿದ್ದರು.