ಬ್ರಿಟಿಷ್ ಕೋವಿಯ ಅಪೂರ್ವ ಲಕ್ಷಣಗಳು

ಕನ್ನಡಕದ ಅಂಗಡಿಯ ಯಜಮಾನರಿಗೆ ಇದ್ದ ಒಂದೇ ಕಾಯಿಲೆ ಎಂದರೆ ಭೂತಗನ್ನಡಿ. ತುಕ್ಕು ಹಿಡಿದ ಬೀಗ, ಮುಳ್ಳಿಲ್ಲದ ಗಡಿಯಾರ, ತಳ ತೂತಾದ ಇಸ್ತ್ರಿಪೆಟ್ಟಿಗೆ, ಯಾವುದನ್ನು ಕಂಡರೂ ಜೇಬಿನಿಂದ ಅದನ್ನು ತೆಗೆದು ನೋಡಿ, "ಇದರಲ್ಲೇನೋ ವಿಶೇಷ ಇದೆ" ಎಂದು ಹೊತ್ತು ತಂದು ಹಿಂದಿನ ಕೋಣೆಗೆ ತುಂಬುತ್ತಿದ್ದರು. ಆ ಕೋಣೆಯ ಮೇಲೆ ಹೆಂಡತಿಗೆ ಬಹುದಿನಗಳಿಂದ ಕಣ್ಣು. ಪಾಪ, ಅವಳ ಹೊಲಿಗೆ ಮೆಷಿನ್ ಊಟದ ಮೇಜಿನ ಮೇಲೆ ಬಿಡಾರ ಹೂಡಿತ್ತು. ಗಂಡನ ತಟ್ಟೆಯಲ್ಲಿ ನೂಲು ಸಿಕ್ಕಾಗಲೆಲ್ಲ, "ಕೋಣೆ ಕೊಡಿ, ನೂಲು ತಿನ್ನೋದು ತಪ್ಪತ್ತೆ" ಎನ್ನುತ್ತಿದ್ದಳು.

ಹೀಗಿರುವಾಗ ಅತ್ತೆಯವರು ಮಗಳ ಮನೆಗೆ ಬಂದು ನೆಲೆಸಿದರು. ಅವರ ಗಂಟುಮೂಟೆಯ ಜೊತೆ ಮಾವನವರ ಹಳೆಯ ಬ್ರಿಟಿಷ್ ಜೋಡುನಳಿಗೆ ಕೋವಿಯೂ ಬಂತು. (ಗಾಬರಿ ಬೇಡ. ಗುಂಡು ಹಾರಿಸುವ ಭಾಗವನ್ನು ಮಾವನವರು ಎಂದೋ ತೆಗೆಸಿದ್ದರು. ಮನೆಯಲ್ಲಿ ಸಿಡಿಯಲು ಅತ್ತೆಯವರೊಬ್ಬರೇ ಸಾಕೆಂದು ಅವರ ಅಭಿಪ್ರಾಯವಿತ್ತಂತೆ.)

ಯಜಮಾನರು ಹಳೆಯ ಕೋವಿಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದು, ಮೊದಲ ಅಧ್ಯಾಯ ಓದಿ ಪಂಡಿತರಾದರು. (ಎರಡನೆಯದನ್ನೂ ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

"ನೋಡೇ ಇಲ್ಲಿ! ಮರದ ಬುಡದ ಮೇಲೆ ಸಾಲಾಗಿ ಸಣ್ಣ ಸಣ್ಣ ಗುಳಿ! ಇಂಥದ್ದು ಪುಸ್ತಕದಲ್ಲೇ ಇಲ್ಲ. ಯಾರೋ ಮಹಾ ಕುಶಲಕರ್ಮಿಯ ಕೈ ಆಡಿದೆ."

"ಆಡಲಿ ಬಿಡಿ. ಪಕ್ಕದಲ್ಲಿ ಸೊಟ್ಟಗೆ ಅಂಟಿಕೊಂಡಿರೋ ಈ ಕಬ್ಬಿಣ ಏನ್ರೀ?"

"ಅದಾ? ತೋಟಾ ತುಂಬೋಕೆ ನಳಿಗೆ ಬಿಚ್ಚೋ ಹಿಡಿ ಕೋವಿಯ ನೆತ್ತಿ ಮೇಲಿರತ್ತೆ ಅಂತ ಪುಸ್ತಕದಲ್ಲಿದೆ. ಇದು ನಿಮ್ಮಮ್ಮ ಚೀಲ ನೇತುಹಾಕೋಕೆ ಹೊಡೆಸಿರೋ ಕೊಕ್ಕೆ. ಇಂಥ ಕೋವಿಗೆ ಇದೊಂದು ಕಳಂಕ!"

"ನಾನೇನೂ ಹೊಡೆಸಿಲ್ಲಪ್ಪ" ಎಂದು ಅತ್ತೆ ಒಳಗಿನಿಂದ ಕೂಗಿದರು. ಅತ್ತೆಯ ಮಾತನ್ನು ಕಿವಿಗೆ ಹಾಕಿಕೊಂಡ ಅಳಿಯ ಯಾವ ಕಾಲದಲ್ಲಿದ್ದಾನೆ? ಯಜಮಾನರು ತಿರುಪು ಬಿಚ್ಚಿ ಕಳಂಕ ನಿವಾರಿಸಿದರು.

"ಎಸೀಬೇಡಿ. ಅಡಿಗೆಮನೆ ಬೀರುವಿನ ಹಿಡಿ ಕಿತ್ತುಹೋಗಿ ಯಾವ ಕಾಲ ಆಯ್ತು!"

ಅಂದೇಕೋ ಯಜಮಾನರು ಬಹಳ ಉತ್ಸಾಹದಲ್ಲಿದ್ದರು. ಆ ಕಬ್ಬಿಣಕ್ಕೆ ಎರಡು ತೂತು ಕೊರೆದು ಬೀರುವಿನ ಬಾಗಿಲಿಗೆ ಬಿಗಿದೇಬಿಟ್ಟರು. ಆಮೇಲೆ ಪಂಥ ಕಟ್ಟಿದರು: ಕೋವಿ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆ ಸೇರಿದರೆ ಕೋಣೆಯ ಮಾತು ಮತ್ತೆ ಎತ್ತಕೂಡದು, ಸೇರದಿದ್ದರೆ ಕೋಣೆ ಹೆಂಡತಿಗೆ.

ಮ್ಯೂಸಿಯಮ್ಮಿನ ಅಧಿಕಾರಿ ಬಂದರು. ನಗುವಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಯಜಮಾನರ ಭೂತಗನ್ನಡಿಯಲ್ಲೇ ಆ ಗುಳಿಗಳನ್ನು ನೋಡಿ, "ಇದು ಉಳಿಯ ಕೆಲಸ ಅಲ್ಲ. ಹಲ್ಲಿನ ಗುರುತು" ಎಂದರು.

"ಹುಲಿಯದೇ?" ಯಜಮಾನರ ಧ್ವನಿಯಲ್ಲಿ ಇನ್ನೂ ಆಸೆಯಿತ್ತು.

"ಹಸುಗೂಸಿಂದು."

"ಇವಳದೇ!" ಎಂದರು ಅತ್ತೆ. "ಹಲ್ಲು ಬರೋವಾಗ ಇವಳು ಕಚ್ಚದೆ ಬಿಟ್ಟಿದ್ದೇನಿತ್ತು? ಮಂಚ, ಕೋವಿ, ಅವರಪ್ಪನ ಕಿವಿ..."

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದಳು. ದಿನವೂ ಎಣ್ಣೆ ತಿಕ್ಕಿ ತಾವು ಸೇವೆ ಮಾಡಿದ್ದು ಹೆಂಡತಿಯ ಹಾಲುಹಲ್ಲಿಗೆ ಎಂದು ತಿಳಿದು ಯಜಮಾನರು ಇಂಗು ತಿಂದ ಮಂಗನಂತಾದರು. ಅಷ್ಟರಲ್ಲಿ ಅಧಿಕಾರಿಯ ಬೆರಳು ಕೋವಿಯ ಪಕ್ಕದ ಖಾಲಿ ಜಾಗಕ್ಕೆ ತಾಗಿತು. ಆ ಮನುಷ್ಯ ಎದ್ದೇ ನಿಂತುಬಿಟ್ಟರು.

"ಪಕ್ಕದ ಹಿಡಿ! ನಳಿಗೆ ಬಿಚ್ಚೋ ಹಿಡಿ ಎಲ್ಲ ಕೋವಿಗೂ ನೆತ್ತಿ ಮೇಲಿದ್ರೆ ಇದಕ್ಕೆ ಪಕ್ಕದಲ್ಲಿ ಇದ್ದಿರಬೇಕು. ಇದು ಅಪರೂಪ ಸ್ವಾಮಿ! ಆ ಹಿಡಿ ಒಂದು ಕೊಡಿ, ಇವತ್ತೇ ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ. ಎಲ್ಲಿದೆ?"

ಆಗಲೇ ಕಾಫಿಯ ಕಪ್ಪಿಗೆಂದು ಹೆಂಡತಿ ಬೀರು ತೆರೆದಳು. 'ಕಿರ್ರ್' ಎಂದಿತು. ಅಧಿಕಾರಿ ತಿರುಗಿ ನೋಡಿದರು. ಹತ್ತಿರ ಹೋದರು. ಸವರಿದರು.

"ಅಯ್ಯೋ, ಇದಕ್ಕೆ ತೂತು ಕೊರೆದ ಪುಣ್ಯಾತ್ಮ ಯಾರು? ಇನ್ನು ಇದು ಬೀರುವಿಗೇ ಸರಿ."

ಯಜಮಾನರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಇದ್ದಾರೆ ಸಾರ್," ಎಂದಳು ಹೆಂಡತಿ, "ಯಾರೋ ಮಹಾ ಕುಶಲಕರ್ಮಿ."

ಈಗ ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಓಡುತ್ತಿದೆ. ಮನೆಗೆ ಯಾರೇ ಬರಲಿ, ಯಜಮಾನರು ಅವರನ್ನು ಅಡಿಗೆಮನೆಗೆ ಕರೆದೊಯ್ದು, ಕೈಗೆ ಭೂತಗನ್ನಡಿ ಕೊಟ್ಟು ಬೀರುವಿನ ಹಿಡಿಯ ವಂಶಾವಳಿ ಹೇಳುತ್ತಾರೆ. ಮಾತು ರಂಗೇರುವ ಹೊತ್ತಿಗೆ ಸರಿಯಾಗಿ ಮೆಷಿನ್ ನಿಲ್ಲುತ್ತದೆ.

"ಏನ್ರೀ, ಹೇಗೂ ಅಪೂರ್ವ ಲಕ್ಷಣ ಹಿಡ್ಕೊಂಡೇ ನಿಂತಿದ್ದೀರಲ್ಲ, ಹಾಗೇ ಬೀರು ತೆಗೆದು ಕಪ್ಪುಗಳನ್ನ ಒರೆಸಿಟ್ಟುಬಿಡಿ."