ದೋಸೆಹಿಟ್ಟಿನ ಒಪ್ಪಂದಕ್ಕೆ ತಂದೆಯ ಸಹಿ

ಸಹಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಅಮೆರಿಕದ ನಮ್ಮ ನೋವೈ ಊರಿನಲ್ಲೇ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮಗಳು ಇಂಚರ ಶಾಲೆಗೆ ಸೇರಿದ ದಿನದಿಂದ ಅವಳ ಈಜಿಗೆ, ಪ್ರವಾಸಕ್ಕೆ, ಹಲ್ಲಿಗೆ ಹಾಕಿಸಿದ ತಂತಿಗೆ, ಆಟದಲ್ಲಿ ಬಿದ್ದು ಕೈಕಾಲು ಮುರಿದರೆ ಯಾರ ಮೇಲೂ ಕೇಸು ಹಾಕುವುದಿಲ್ಲವೆಂಬ ಮುಚ್ಚಳಿಕೆಗೆ, ಎಲ್ಲಕ್ಕೂ ಸಹಿ ನನ್ನದೇ. ಸಹಿಯ ಕೊನೆಯಲ್ಲಿ ಒಂದು ಸುಳಿ ಬರುತ್ತದೆ. ಮೈಸೂರಿನ ಹೈಸ್ಕೂಲಿನಲ್ಲಿ ಮಾರ್ಕ್ಸ್ ಕಾರ್ಡಿನ ಮೇಲೆ ನಮ್ಮಪ್ಪನ ಸಹಿಯನ್ನು ನಾನೇ ಹಾಕಿ ಹಾಕಿ ಪಳಗಿದ ಕೈ ಇದು!

ಈಗ ಇಂಚರಳಿಗೆ ಹತ್ತೊಂಬತ್ತು. ಮನೆಯಿಂದ ನಲವತ್ತು ಮೈಲಿ ದೂರದ ಕಾಲೇಜಿನಲ್ಲಿ ಓದುತ್ತಾಳೆ, ಕಾಲೇಜಿನ ತಂಡಕ್ಕೆ ವಾಲಿಬಾಲ್ ಆಡುತ್ತಾಳೆ. ಈ ಎರಡನೆಯ ಸಂಗತಿ ಹೇಳಿಕೊಳ್ಳುವುದು ನನಗೆ ಬಹಳ ದಿನ ಕಷ್ಟವೇ ಆಗಿತ್ತು. ಬಾಲಾಜಿ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲು ನಿಂತಾಗ ಯಾರಾದರೂ ಕೇಳುತ್ತಾರೆ, "ಮಗಳು ಏನ್ ಮಾಡ್ತಿದಾಳೆ?" ನಾನು ವಾಲಿಬಾಲ್ ಎನ್ನುತ್ತೇನೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಹೌದಾ? ಮತ್ತೆ, ಓದು?" ಎನ್ನುತ್ತಾರೆ. ಅವರ ಮಕ್ಕಳೆಲ್ಲ ಡಾಕ್ಟರಾಗುವ ದಾರಿಯಲ್ಲಿರುತ್ತಾರೆ. ನನ್ನ ಪುಳಿಯೋಗರೆ ಗಂಟಲಲ್ಲಿ ನಿಲ್ಲುತ್ತದೆ.

ಹೀಗಿರುವಾಗ ಕಾಲೇಜುಗಳು ಆಟಗಾರರಿಗೆ ಹಣ ಕೊಡಬಹುದೆಂಬ ಹೊಸ ಏರ್ಪಾಡು ಬಂತು. ಇಂಚರಳ ತಂಡಕ್ಕೂ ಒಂದಿಷ್ಟು ಕೊಡುತ್ತಾರಂತೆ. ಅಷ್ಟೇ ಅಲ್ಲ, ಹೊರಗಿನ ಅಂಗಡಿಯವರೂ ಜಾಹೀರಾತಿಗೆ ಆಟಗಾರರನ್ನು ಕರೆಯಬಹುದಂತೆ. ನಾನು ಎಂಜಿನಿಯರು, ಕಾರಿನ ಬ್ರೇಕ್ ತಯಾರಿಸುವ ಕಂಪನಿಯಲ್ಲಿ ಕೆಲಸ. ನನ್ನ ತರ್ಕ ಸರಳವಾಗಿತ್ತು: ಬೆಳಗಿನ ಐದಕ್ಕೆ ಏಳಿಸುತ್ತಾರೆ, ಯೂನಿಫಾರಂ ಹಾಕಿಸುತ್ತಾರೆ, ಹೇಳಿದ ಕಡೆ ಹೋಗಬೇಕು, ತಿಂಗಳಿಗೆ ಹಣ ಬರುತ್ತದೆ. ಇದು ನೌಕರಿಯಲ್ಲದೆ ಇನ್ನೇನು?

ಮುಂದಿನ ವಾರ ಪುಳಿಯೋಗರೆ ಸಾಲಿನಲ್ಲಿ ನಾನೇ ಬಾಯಿಬಿಟ್ಟೆ. "ಇಂಚರಂಗೆ ಜಾಬ್ ಆಯ್ತು. ಓದ್ತಾ ಓದ್ತಾನೇ!"

ಭುಜದ ಮೇಲೆ ಕೈಯಿಡುತ್ತಿದ್ದವರೆಲ್ಲ ಕೈಕುಲುಕಿದರು. ಆ ದಿನದ ಪುಳಿಯೋಗರೆಯಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ.

ಮನೆಗೆ ಬಂದವನೇ ಮಗಳಿಗೆ ಫೋನು ಮಾಡಿದೆ. "ಪುಟ್ಟಾ, ಆಫರ್ ಲೆಟರ್ ಕಳಿಸು. ಗಣೇಶನ ಹಬ್ಬಕ್ಕೆ ಲೀವ್ ಕೊಡ್ತಾರಾ ಕೇಳ್ದ್ಯಾ?"

"ಅಪ್ಪಾ, ಐ ಆಮ್ ನಾಟ್ ಆನ್ ಎಂಪ್ಲಾಯೀ."

"ದುಡ್ಡು ಕೊಡ್ತಾರೆ ತಾನೆ?"

"ಯಾ, ಬಟ್ ಇಟ್ಸ್ ಕಾಂಪ್ಲಿಕೇಟೆಡ್."

ಕಾಂಪ್ಲಿಕೇಟೆಡ್ ಎಂದರೆ ಅನುಭವಸ್ಥರೊಬ್ಬರು ಕೈಹಾಕಬೇಕು ಎಂದೇ ಅರ್ಥ ಮಾಡಿಕೊಂಡೆ. ನನ್ನ ಹೆಂಡತಿ ಸುಮಾ ಫಾರ್ಮಸಿಸ್ಟ್. ಅಳತೆ ಮೀರಿ ಮಾತಾಡುವವಳಲ್ಲ. "ರೀ, ಊರಿನ ಕಾರಿಗೆಲ್ಲಾ ಬ್ರೇಕ್ ಹಾಕ್ತೀರಿ, ನಿಮಗೂ ಒಂದು ಹಾಕ್ಕೊಳ್ಳಿ" ಎಂದಳು. ಹಾಕಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೊಂದು ಶನಿವಾರ ಬಸಣ್ಣನವರ ಅಂಗಡಿಗೆ ಕರಿಬೇವು ತರಲು ಹೋದೆ. ಬಸಣ್ಣ ಹುಬ್ಬಳ್ಳಿ ಕಡೆಯವರು. ದಿನಸಿ ಅಂಗಡಿಯ ಹಿಂದೆಯೇ ಹಿಟ್ಟು ರುಬ್ಬಿ, ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಮಗಳ ನೌಕರಿಯ ಸುದ್ದಿ ಅವರಿಗೂ ತಲುಪಿತ್ತು.

"ಸರ, ನಿಮ್ಮ ಹುಡುಗಿ ಫೋಟೋ ನಮ್ಮ ದೋಸೆಹಿಟ್ಟಿಗೆ ಹಾಕೂಣೇನ್ರಿ? ಏನ್ ಜಿಗಿತಾಳ್ರೀ ಆಕಿ! ನಮ್ಮ ಹಿಟ್ಟೂ ಹಂಗ ಉಬ್ಬತೈತ್ರಿ!"

ಇಷ್ಟು ಒಳ್ಳೆಯ ಹೋಲಿಕೆಯನ್ನು ಯಾರೂ ನನ್ನ ಮಗಳಿಗೆ ಕೊಟ್ಟಿರಲಿಲ್ಲ. ಸಂಭಾವನೆ, ವಾರಕ್ಕೆ ಎರಡು ಡಬ್ಬಿ ಹಿಟ್ಟು, ಒಂದು ವರ್ಷ ಪೂರ್ತಿ. ಬಸಣ್ಣ ಇಂಟರ್ನೆಟ್ಟಿನಿಂದ ಒಂದು ಒಪ್ಪಂದಪತ್ರವನ್ನೂ ಇಳಿಸಿಕೊಂಡು ಇಟ್ಟಿದ್ದರು. ಆದರೆ ಗೋಡೆಯ ಕ್ಯಾಲೆಂಡರಿನ ಕಡೆ ನಮ್ಮಿಬ್ಬರ ಕಣ್ಣೂ ಒಟ್ಟಿಗೆ ಹೋಯಿತು. ಮಾರನೆಯ ದಿನದಿಂದ ಪಿತೃಪಕ್ಷ! ಹದಿನೈದು ದಿನ ಹೊಸ ಕೆಲಸ ಯಾವುದೂ ಕೂಡದು.

"ಇವತ್ತ ಮುಗಿಸಿಬಿಡೂಣ್ರಿ ಸರ," ಎಂದರು ಬಸಣ್ಣ.

ಮಗಳಿಗೆ ಫೋನು ಮಾಡಿದೆ. ಅವಳು ಪ್ರಾಕ್ಟೀಸಿನಲ್ಲಿದ್ದಳು, ಎತ್ತಲಿಲ್ಲ. ಹೆಂಡತಿಗೆ ಮಾಡಿದೆ.

"ಅವಳನ್ನ ಒಂದು ಮಾತು ಕೇಳಿದ್ರಾ?"

"ನಾಳೆ ಪಿತೃಪಕ್ಷ ಕಣೇ!"

"ಹದಿನೈದು ದಿನ ಸುಮ್ನಿದ್ರೆ ಯಾವ ಪಿತೃಗಳು ಬೇಜಾರು ಮಾಡ್ಕೋತಾರೆ?"

ಹೆಂಗಸರಿಗೆ ವ್ಯವಹಾರ ತಿಳಿಯದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಗಟ್ಟಿಯಾಗಿ ಅನ್ನುವಷ್ಟು ಧೈರ್ಯವಂತ ನಾನಲ್ಲ. ಪತ್ರದಲ್ಲಿ 'ಆಟಗಾರ್ತಿ' ಎಂಬ ಜಾಗದಲ್ಲಿ ಇಂಚರಳ ಹೆಸರು ಬರೆದು, ಪಕ್ಕದಲ್ಲಿ ಸುಳಿ ಸಮೇತ ನನ್ನ ಸಹಿ ಹಾಕಿದೆ. ಕೆಳಗೆ 'ಏಜೆಂಟ್' ಎಂದು ಇನ್ನೊಂದು ಜಾಗ ಖಾಲಿ ಇತ್ತು. ಖಾಲಿ ಬಿಟ್ಟರೆ ಫಾರಂ ತಿರಸ್ಕಾರವಾಗುತ್ತದೆ ಎಂಬುದು ನಮ್ಮ ಮೈಸೂರಿನ ಪಾಠ. ಅಲ್ಲೂ ನನ್ನದೇ ಹೆಸರು ಬರೆದೆ, ಅಲ್ಲೂ ಒಂದು ಸುಳಿ. ಬಸಣ್ಣ ಮುಂಗಡವಾಗಿ ಮೂರು ಡಬ್ಬಿ ಹಿಟ್ಟು ಕೊಟ್ಟು ಕಳಿಸಿದರು.

ಫೋಟೋ ಕಳಿಸುವ ಜವಾಬ್ದಾರಿಯೂ ನನ್ನದೇ. ಇಂಚರ ಜಿಗಿಯುವ ಫೋಟೋ ನನ್ನ ಫೋನಿನಲ್ಲಿ ಇರಲಿಲ್ಲ. ಅವಳ ಆಟವೆಲ್ಲ ಹಿಂದಿನ ಸಾಲಿನಲ್ಲಿ ನಿಂತು, ಎದುರಾಳಿ ಹೊಡೆದ ಚೆಂಡು ನೆಲ ಮುಟ್ಟುವ ಮುಂಚೆ ಅಡ್ಡಬಿದ್ದು ಎತ್ತುವುದು. ಪ್ರಾಕ್ಟೀಸಿನಲ್ಲಿ ಅವಳು ನೆಲದ ಮೇಲೆ ಉದ್ದಂಡ ಬಿದ್ದಿದ್ದ ಒಂದು ಫೋಟೋ ಇತ್ತು, ಮೈಮೇಲೆ ಕಾಲೇಜಿನ ಯೂನಿಫಾರಂ. ಅದನ್ನೇ ಕಳಿಸಿದೆ. ಸೋಮವಾರ ಅಂಗಡಿಯ ಬಾಗಿಲಿಗೆ ಆಳೆತ್ತರದ ಬ್ಯಾನರ್ ಬಂತು. ಮೇಲೆ 'ನಮ್ಮ ಹಿಟ್ಟೇ ಇವಳ ಶಕ್ತಿ!' ಕೆಳಗೆ ನನ್ನ ಮಗಳು ಅಂಗಾತವೂ ಅಲ್ಲದೆ ಬೋರಲೂ ಅಲ್ಲದೆ ಬಿದ್ದುಕೊಂಡಿದ್ದಾಳೆ!

"ದೋಸೆ ತಿಂದ್ಮೇಲೆ ಹಿಂಗಾಯ್ತಾ?" ಎಂದು ಮೂವರು ಗಿರಾಕಿಗಳು ವಿಚಾರಿಸಿದರಂತೆ. ಒಬ್ಬರು ಕೊಂಡ ಡಬ್ಬಿಯನ್ನು ವಾಪಸು ಇಟ್ಟು ಹೋದರಂತೆ.

ಬ್ಯಾನರಿನ ಫೋಟೋ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬುಧವಾರದ ಹೊತ್ತಿಗೆ ಕಾಲೇಜು ಸೇರಿತು. ಇಂಚರಳ ಫೋನು ಬಂತು. ಚಿಕ್ಕಂದಿನಿಂದ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ಕನ್ನಡದಲ್ಲಿ ಮಾತಾಡಿದಳು. ಆಗಲೇ ನನಗೆ ಗಾಬರಿಯಾಯಿತು.

"ಅಪ್ಪಾ, ಏನ್ ಮಾಡಿದೀಯ ನೀನು? ಕಾಲೇಜಿನ ಒಪ್ಪಿಗೆ ಇಲ್ದೆ, ಅವರ ಯೂನಿಫಾರಂನಲ್ಲಿ ಜಾಹೀರಾತು ಕೊಟ್ಟಿದ್ದಕ್ಕೆ ಶನಿವಾರ ಆಡೋ ಹಾಗಿಲ್ಲ ಅಂತಿದಾರೆ."

ಆ ಶನಿವಾರ ಅಂತಿಂಥದ್ದಲ್ಲ. ತಂಡದಲ್ಲಿ ಒಬ್ಬಳು ಮಾತ್ರ ಬೇರೆ ಬಣ್ಣದ ಅಂಗಿ ತೊಡುತ್ತಾಳೆ. ಅವಳನ್ನು ಲಿಬೆರೋ ಎನ್ನುತ್ತಾರೆ, ಹಿಂದಿನ ಸಾಲಿನ ಭಾರವೆಲ್ಲ ಅವಳದೇ. ನಾನು ಆ ಅಂಗಿಯವಳನ್ನು ಒಂದು ವರ್ಷ ಸೂಪರ್‌ವೈಸರ್ ಎಂದೇ ತಿಳಿದಿದ್ದೆ. ಎರಡು ವರ್ಷ ಬೆಂಚಿನ ಮೇಲೆ ಕೂತು ಕಾದ ನಮ್ಮ ಇಂಚರಳಿಗೆ ಆ ಅಂಗಿ ಮೊದಲ ಸಲ ಸಿಗುವುದಿತ್ತು. ಆಟ ಶಿಕಾಗೋ ಹತ್ತಿರ. ಅಲ್ಲೇ ಓಕ್ ಬ್ರೂಕ್‌ನಲ್ಲಿರುವ ನನ್ನ ಭಾವಮೈದ ಹದಿನಾಲ್ಕು ಜನರಿಗೆ ಟಿಕೆಟು ಕೊಂಡಿದ್ದ. ಈಗ ಆ ಅಂಗಿಗೂ ನನ್ನ ಮಗಳಿಗೂ ನಡುವೆ ನನ್ನ ಎರಡು ಸುಳಿಗಳು ಅಡ್ಡ ನಿಂತಿದ್ದವು.

"ಅಳಬೇಡ ಪುಟ್ಟಾ. ನಾನೇ ಬಂದು ಮಾತಾಡ್ತೀನಿ."

"ನೋ!" ಎಂದಳು. ಇಂಗ್ಲಿಷಿಗೆ ಮರಳಿದಳಲ್ಲ ಎಂದು ನನಗೆ ಕೊಂಚ ಸಮಾಧಾನವಾಯಿತು.

ಗುರುವಾರ ರಜೆ ಹಾಕಿ ಕಾಲೇಜಿಗೆ ಹೋದೆ. ಕಂಪ್ಲಯನ್ಸ್ ಆಫೀಸ್ ಎಂಬುದೊಂದಿದೆ. ಯಾವ ಆಟಗಾರ ಯಾರಿಂದ ಏನು ಪಡೆದ ಎಂದು ನೋಡಿಕೊಳ್ಳುವುದೇ ಅವರ ಕೆಲಸ. ದೊಡ್ಡವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಮುಂಗಡದ ಮೂರು ಡಬ್ಬಿಯಲ್ಲಿ ಎರಡು ಖಾಲಿಯಾಗಿದ್ದವು, ಮೂರನೆಯದನ್ನು ಒಯ್ದು ಆ ಅಧಿಕಾರಿಣಿಯ ಮೇಜಿನ ಮೇಲಿಟ್ಟೆ. ಹಿಟ್ಟು ಚೆನ್ನಾಗಿ ಹುದುಗು ಬಂದಿತ್ತು. ಮುಚ್ಚಳ ಮೆಲ್ಲಗೆ ಮೇಲೇಳುತ್ತಿತ್ತು.

ಆಕೆ ಬೆಳ್ಳಿಗೂದಲಿನ ಸೌಮ್ಯ ಹೆಂಗಸು. ಪೆನ್ನಿನ ತುದಿಯಿಂದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಉಡುಗೊರೆಗೆ ಬೇರೆಯೇ ಫಾರಂ ತುಂಬಬೇಕಾಗುತ್ತದೆ ಎಂದರು. ಆಮೇಲಿನ ವಿಚಾರಣೆ ಇಂಗ್ಲಿಷಿನಲ್ಲಿ ನಡೆಯಿತು, ನಾನು ಕನ್ನಡದಲ್ಲೇ ಒಪ್ಪಿಸುತ್ತೇನೆ.

"ನೀವು ಇವಳ ಏಜೆಂಟರೇ?"

"ಹೌದು. ಏಜೆಂಟ್, ಮ್ಯಾನೇಜರ್, ಡ್ರೈವರ್. ಎಲ್ಲವೂ ನಾನೇ."

ಪಕ್ಕದಲ್ಲಿ ಕೂತಿದ್ದ ಇಂಚರ ಕಣ್ಣು ಮುಚ್ಚಿಕೊಂಡಳು.

"ರಿಜಿಸ್ಟರ್ ಆಗಿದ್ದೀರಾ?"

"ಅವಳು ಹುಟ್ಟಿದಾಗಲೇ ಆಸ್ಪತ್ರೆಯಲ್ಲಿ ಬರೆಸಿದ್ದೇವೆ. ತಂದೆಯ ಹೆಸರಿನ ಮುಂದೆ ನನ್ನ ಹೆಸರಿದೆ."

ಆಕೆ ಅದನ್ನೂ ಬರೆದುಕೊಂಡರು. "ಒಪ್ಪಂದಕ್ಕೆ ಪ್ರತಿಯಾಗಿ ಏನು ಬಂತು?"

"ಮೂರು ಡಬ್ಬಿ ಹಿಟ್ಟು. ಒಂದು ಇಲ್ಲಿದೆ."

"ಉಳಿದೆರಡು?"

"ದೋಸೆ ಮಾಡಿದೆವು."

"ಇಂಚರ ತಿಂದಳೇ?"

"ಇಲ್ಲ, ಅವಳು ಹಾಸ್ಟೆಲಿನಲ್ಲಿದ್ದಳು. ನಾನೇ ತಿಂದೆ."

ಆಕೆ ನಿಧಾನವಾಗಿ ಬರೆದುಕೊಂಡರು: ಆಟಗಾರ್ತಿಗೆ ಬಂದ ಸಂಭಾವನೆಯನ್ನು, ಎಲ್ಲೂ ನೋಂದಣಿಯಾಗದ ಏಜೆಂಟರೊಬ್ಬರು ಪೂರ್ತಿಯಾಗಿ ತಿಂದಿದ್ದಾರೆ. ಚಟ್ನಿಯ ವಿಷಯವೊಂದನ್ನು ಕೇಳಲಿಲ್ಲ!

ನಾನು ಕೊನೆಯ ಅಸ್ತ್ರ ಬಿಟ್ಟೆ. "ಮೇಡಂ, ನೌಕರಿಯವಳೊಬ್ಬಳನ್ನು ನೋಟಿಸ್ ಕೊಡದೆ ಕೆಲಸದಿಂದ ದೂರ ಇಡುವುದು ಯಾವ ನ್ಯಾಯ?"

"ಸರ್, ಅವಳು ನೌಕರಿಯವಳಲ್ಲ."

"ಹಾಗಾದರೆ ಏನು?"

ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನೇ ದೇಶದ ವಕೀಲರೆಲ್ಲ ಸೇರಿ ಯೋಚಿಸುತ್ತಿದ್ದಾರೆ."

ಆಗ ಇಂಚರ ಬಾಯಿ ತೆರೆದಳು. ಇವರು ನನ್ನ ಏಜೆಂಟ್ ಅಲ್ಲ, ಇವರು ನನ್ನ ಅಪ್ಪ, ಎಂದಳು. ನಾನು ಐದು ವರ್ಷದವಳಾದಾಗಿನಿಂದ ನನ್ನ ಕಾಗದಗಳಿಗೆಲ್ಲ ಇವರೇ ಸಹಿ ಮಾಡಿದ್ದಾರೆ, ಇನ್ನು ಸಾಕು ಎಂದು ಇವರಿಗೆ ಯಾರೂ ಹೇಳಿಲ್ಲ ಅಷ್ಟೆ, ಎಂದಳು. ಬೈಯುತ್ತಾಳೆಂದು ಕಾದಿದ್ದ ನಾನು ಡಬ್ಬಿಯ ಮುಚ್ಚಳವನ್ನು ಒತ್ತಿ ಕೂರಿಸತೊಡಗಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಧಿಕಾರಿಣಿಯ ಮುಖ ಸಡಿಲವಾಯಿತು. ಇಂಚರ ಬೆಳೆದ ಹುಡುಗಿ, ಅವಳ ಪರವಾಗಿ ತಂದೆ ಹಾಕಿದ ಸಹಿಗೆ ಕವಡೆ ಕಾಸಿನ ಬೆಲೆಯೂ ಇಲ್ಲ. ಸಹಿಗೆ ಬೆಲೆಯಿಲ್ಲವೆಂದರೆ ಒಪ್ಪಂದವೇ ಆಗಿಲ್ಲ. ಒಪ್ಪಂದವೇ ಆಗಿಲ್ಲವೆಂದರೆ ಅವಳದು ತಪ್ಪೂ ಇಲ್ಲ. ಬ್ಯಾನರ್ ಇಳಿಸಿ, ತಿಂದ ಹಿಟ್ಟಿನ ಬೆಲೆ ಅಂಗಡಿಗೆ ಕಟ್ಟಿದರೆ ಶನಿವಾರ ಆಡಬಹುದು ಎಂದರು. ಅಂದರೆ ನಾನು ಎಷ್ಟರಮಟ್ಟಿಗೆ ಯಾರೂ ಅಲ್ಲವೋ ಅಷ್ಟರಮಟ್ಟಿಗೆ ನನ್ನ ಮಗಳು ಕ್ಷೇಮ! ಆಕೆ ಅಲ್ಲೇ ಒಂದು ಕಾಗದ ಟೈಪ್ ಮಾಡಿ ಕೊಟ್ಟರು: 'ನಾನು ಇಂಚರಳ ಏಜೆಂಟ್ ಅಲ್ಲ. ಅವಳ ಪರವಾಗಿ ಮಾತಾಡಲು, ಒಪ್ಪಲು, ಸಹಿ ಹಾಕಲು ನನಗೆ ಯಾವ ಅಧಿಕಾರವೂ ಇಲ್ಲ.'

"ಇಲ್ಲಿ ಸಹಿ ಮಾಡಿ," ಎಂದರು.

ನನ್ನ ಸಹಿಗೆ ಬೆಲೆಯಿಲ್ಲ ಎನ್ನುವುದಕ್ಕೆ ನನ್ನದೇ ಸಹಿ ಬೇಕಂತೆ! ಹಾಕಿದೆ. ಅಂದು ಸುಳಿ ಸರಿಯಾಗಿ ಬರಲಿಲ್ಲ.

ಶನಿವಾರ ಶಿಕಾಗೋ ಹತ್ತಿರದ ಒಳಾಂಗಣ ಕ್ರೀಡಾಂಗಣದಲ್ಲಿ ಇಂಚರ ಬೇರೆ ಬಣ್ಣದ ಅಂಗಿ ತೊಟ್ಟು ಬಂದಳು. ಎಷ್ಟು ಸಲ ಅಡ್ಡಬಿದ್ದಳೋ ಲೆಕ್ಕವಿಲ್ಲ, ಬಿದ್ದಷ್ಟೂ ಸಲ ಚೆಂಡು ಮೇಲೆದ್ದಿತು. ಭಾವಮೈದ ಕರೆತಂದ ಹದಿನಾಲ್ಕು ಜನ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ಅವರಲ್ಲಿದ್ದ ಒಬ್ಬ ಆಂಟಿ ನನ್ನ ಕಡೆ ಬಾಗಿ, "ಮತ್ತೆ, ಓದು?" ಎಂದರು. "ಗೊತ್ತಿಲ್ಲ ಆಂಟಿ. ಅವಳ ಪರವಾಗಿ ಮಾತಾಡೋ ಅಧಿಕಾರ ನಂಗಿಲ್ಲ," ಎಂದೆ. ಸುಮಾ ಅಷ್ಟು ಜೋರಾಗಿ ನಕ್ಕಿದ್ದನ್ನು ಮದುವೆಯಾದ ಮೇಲೆ ನಾನು ನೋಡಿರಲಿಲ್ಲ. ಕಂಪ್ಲಯನ್ಸ್ ಆಫೀಸಿನ ಆ ಕಾಗದದ ಒಂದು ಪ್ರತಿ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ.

ಮುಂದಿನ ವಾರ ಇಂಚರ ತಾನೇ ಬಸಣ್ಣನವರ ಅಂಗಡಿಗೆ ಬಂದಳು. ಕಾಲೇಜಿನಿಂದ ಒಪ್ಪಿಗೆ ಪಡೆದಿದ್ದಳು, ಹೊಸ ಒಪ್ಪಂದಪತ್ರ ತಂದಿದ್ದಳು. ಎದ್ದು ನಿಂತ ಫೋಟೋ, ಕಾಲೇಜಿನ ಯೂನಿಫಾರಂ ಇಲ್ಲ.

"ಪಿತೃಪಕ್ಷ ಇನ್ನೂ ಮುಗಿದಿಲ್ರಿ ಸರ," ಎಂದು ಬಸಣ್ಣ ನನ್ನ ಕಿವಿಯಲ್ಲಿ ಉಸುರಿದರು. ಸಾಲದ್ದಕ್ಕೆ ಅದು ರಾಹುಕಾಲ. ಹೇಳೋಣವೆಂದು ಬಾಯಿ ತೆರೆದೆ. ಫ್ರಿಜ್ಜಿನ ಬಾಗಿಲು ನೆನಪಾಯಿತು, ಮುಚ್ಚಿಕೊಂಡೆ.

ಇಂಚರ ಪತ್ರವನ್ನು ಮೊದಲಿನಿಂದ ಕೊನೆಯವರೆಗೂ ಓದಿ, ನನ್ನ ಕಡೆ ತಿರುಗಿದಳು.

"ಅಪ್ಪಾ..."

ನಾನು ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದೆ. ಎಷ್ಟಾದರೂ ಮಗಳು. ಕೊನೆಗೆ ಅನುಭವಸ್ಥರನ್ನು ಕೇಳಲೇಬೇಕಲ್ಲ!

"ಪೆನ್ ಇದ್ಯಾ?"

ಕೊಟ್ಟೆ. ಸಹಿ ಹಾಕಿದಳು. ಕೊನೆಯಲ್ಲಿ ಒಂದು ಸುಳಿ ಬಂತು, ಥೇಟ್ ನನ್ನದೇ. ಒಪ್ಪಂದ ಮಗಳದು, ಹಿಟ್ಟು ಮಗಳದು, ಹೋಗಲಿ, ಪೆನ್ನಾದರೂ ನನ್ನದು ತಾನೇ ಎಂದು ಹೆಮ್ಮೆಪಡುವಷ್ಟರಲ್ಲಿ ಬಸಣ್ಣನವರು ತಾವೂ ಸಹಿ ಮಾಡಿ ಆ ಪೆನ್ನನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು!